ಐದು ಲಕ್ಷ ಸಂಸ್ಥೆಗಳ ನಡುವೆ ನಮ್ಮ ಯುವಕೂಟ



ನಮ್ಮ ಯುವಕೂಟವನ್ನು ‘ಸಂಸ್ಥಾ’ ಎಂದು ನೋಂದಣಿ ಮಾಡಿಸಬೇಕೇ, ಬೇಡವೇ? ಕೆಲವು ತಿಂಗಳಿಂದ ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮಲ್ಲಿ ಇದೇ ಮಾತು. ವಲಾಂಡಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಾವು ಮಾಡುವ ಕೆಲಸ ದೊಡ್ಡದೇನಲ್ಲ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ ಕಲಿಯುವ ಮಕ್ಕಳಿಗೆ ವಾರಕ್ಕೆ ಮೂರು ಸಂಜೆ ಕನ್ನಡ ಓದು ಬರಹ ಹೇಳಿಕೊಡುತ್ತೇವೆ. ಔಷಧಿಗೆ ದುಡ್ಡಿಲ್ಲದ ಮನೆಗಳಿಗೆಂದು ಒಂದು ಡಬ್ಬಿ ಇಟ್ಟಿದ್ದೇವೆ. ಡಬ್ಬಿಗೆ ಹತ್ತು ಇಪ್ಪತ್ತು ರೂಪಾಯಿ ಬೀಳುವ ತನಕ ಯಾರೂ ಏನೂ ಕೇಳಲಿಲ್ಲ. ಪುಣೆಯಲ್ಲಿ ಕೆಲಸಕ್ಕಿರುವ ನಮ್ಮೂರಿನ ಒಬ್ಬ ಅಣ್ಣ ಒಂದೇ ಸಲ ಐದು ಸಾವಿರ ಕಳಿಸಿ, “80ಜಿ ರಸೀದಿ ಸಿಗ್ತದೇನು?” ಎಂದು ಫೋನ್ ಮಾಡಿದಾಗ ಚರ್ಚೆ ಶುರುವಾಯಿತು. 80ಜಿ ಎಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ರಸೀದಿ. ಅದನ್ನು ಯಾರು ಬೇಕಾದವರು ಬರೆದುಕೊಡಲು ಬರುವುದಿಲ್ಲ. ಮೊದಲು ಸಂಸ್ಥೆ ಆಗಬೇಕು, ಆಮೇಲೆ ಆದಾಯ ತೆರಿಗೆ ಇಲಾಖೆಯ ಒಪ್ಪಿಗೆ ಬೇಕು.

ಹಾಗಾಗಿ ಈ ‘ಸಂಸ್ಥಾ’ ಎಂಬುದು ಏನು, ನಮ್ಮ ರಾಜ್ಯದಲ್ಲಿ ಎಂಥೆಂಥವು ಎಷ್ಟಿವೆ ಎಂದು ನಾವೇ ಕೂತು ಓದಿದೆವು, ತಿಳಿದವರನ್ನು ಕೇಳಿದೆವು. ಗೊತ್ತಾದದ್ದನ್ನು ಎಲ್ಲರಿಗೂ ಹೇಳಿಬಿಡೋಣ ಎಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಕಡೆ ಈ ಶಬ್ದಕ್ಕೆ ಇರುವ ಅರ್ಥ ಬಹಳ ಚಿಕ್ಕದು. “ಅವ ಸಂಸ್ಥಾ ತಗದಾನ” ಎಂದರೆ ಶಾಲೆಯೋ ಕಾಲೇಜೋ ತೆರೆದಿದ್ದಾನೆ, ಮಾಸ್ತರ ಹುದ್ದೆಗಳು ಅವನ ಕೈಯಲ್ಲಿವೆ ಎಂದರ್ಥ. ‘ಎನ್‌ಜಿಒ’ ಎಂದರೆ ಸ್ಟಿಕರ್ ಅಂಟಿಸಿದ ಜೀಪು, ಬ್ಯಾನರ್ ಹಿಡಿದು ಒಂದು ಫೋಟೊ, ಆಮೇಲೆ ಮುಖ ಕಾಣದವರು. ಅದಕ್ಕೆ ಕ್ರೈಸ್ತ ಹೆಸರು ಇದ್ದರಂತೂ ಹೊರದೇಶದ ಹಣ ಬರುತ್ತದೆ ಎಂದು ಕೇಳದೆಯೇ ನಂಬುವವರಿದ್ದಾರೆ. ನಮ್ಮ ಡಬ್ಬಿಯನ್ನು ನೋಡಿ ಕಟ್ಟೆಯ ಮೇಲೆ ಕೂತವರೊಬ್ಬರು “ಇದಕ್ಕ ಅಮೇರಿಕಾದಿಂದ ಬರ್ತದೇನ್?” ಎಂದು ಕೇಳಿದ್ದೂ ಉಂಟು. ಅವತ್ತು ಡಬ್ಬಿಯಲ್ಲಿ ನೂರಾ ನಲವತ್ತು ರೂಪಾಯಿ ಇತ್ತು.

ಕಾನೂನಿನ ಕಣ್ಣಿಗೆ ಈ ಲೋಕ ಬಹಳ ದೊಡ್ಡದು. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸಗಳ ಕಾಯ್ದೆ ಎಂಬುದೊಂದಿದೆ. ಮೊದಲು ಅದಕ್ಕೆ ಮುಂಬೈ ಹೆಸರಿತ್ತು, ಈಗ ಮಹಾರಾಷ್ಟ್ರದ ಹೆಸರಿದೆ. ಇದನ್ನು ನೋಡಿಕೊಳ್ಳುವವರು ಧರ್ಮಾದಾಯ ಆಯುಕ್ತರು. ದೇವಸ್ಥಾನ, ಚರ್ಚು, ಧರ್ಮಶಾಲೆ, ವಾಚನಾಲಯ, ತಾಲೀಮು, ಗೋಶಾಲೆ, ಆಸ್ಪತ್ರೆ, ಶಾಲೆ ನಡೆಸುವ ಮಂಡಳಿ, ಎಲ್ಲವೂ ಅವರ ದಫ್ತರದಲ್ಲೇ ಬರುತ್ತವೆ. ಗಣೇಶ ಮಂಡಳಿಯವರು ಚಂದಾ ಎತ್ತಬೇಕಾದರೂ ಅದೇ ಕಚೇರಿಯ ಪರವಾನಗಿ ಪಡೆಯಬೇಕು. 1860ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾದ ಸೇವಾಸಂಘವೂ ಮಹಾರಾಷ್ಟ್ರದಲ್ಲಿ ಮತ್ತೆ ನ್ಯಾಸವಾಗಿ ಇಲ್ಲಿ ಹೆಸರು ಬರೆಸಬೇಕು. ಬೋರ್ಡುಗಳ ಮೇಲೆ ‘ಎಫ್’ ಅಕ್ಷರದಿಂದ ಶುರುವಾಗುವ ನಂಬರು ನೋಡಿದ್ದೀರಲ್ಲ, ಅದು ಹೀಗೆ ಬಂದದ್ದು. ಇನ್ನೂ ಕೆಲವರು ಕಂಪನಿ ಕಾಯ್ದೆಯ 8ನೇ ಕಲಮಿನಲ್ಲಿ ಲಾಭ ಹಂಚಿಕೊಳ್ಳದ ಕಂಪನಿ ಮಾಡುತ್ತಾರೆ. ಹಳ್ಳಿಯ ಹೆಣ್ಣುಮಕ್ಕಳ ಬಚತ್ ಗಟ್, ಭಜನಾ ಮಂಡಳಿ, ನಮ್ಮಂಥ ಯುವಕೂಟಗಳ ಹೆಸರು ಈ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಕೆಲಸ ಮಾತ್ರ ಇರುತ್ತದೆ.

ಎಷ್ಟಿವೆ ಎಂಬುದು ಇನ್ನೂ ಸೋಜಿಗ. 2015ರಲ್ಲಿ ಸಿಬಿಐ ರಾಜ್ಯಗಳಿಂದ ಲೆಕ್ಕ ತರಿಸಿ ಸುಪ್ರೀಂ ಕೋರ್ಟಿಗೆ ಕೊಟ್ಟಾಗ ದೇಶದಲ್ಲಿ ಸುಮಾರು 31 ಲಕ್ಷ ಸಂಸ್ಥೆಗಳಿದ್ದವು. ಉತ್ತರ ಪ್ರದೇಶದಲ್ಲಿ 5.48 ಲಕ್ಷ, ಎರಡನೇ ಸ್ಥಾನದ ನಮ್ಮ ಮಹಾರಾಷ್ಟ್ರದಲ್ಲಿ 5.18 ಲಕ್ಷ. ದೇಶದ ಶಾಲೆಗಳ ಸಂಖ್ಯೆಗಿಂತ ಸಂಸ್ಥೆಗಳೇ ಹೆಚ್ಚು ಎಂದು ಆಗ ಪತ್ರಿಕೆಗಳು ಬರೆದವು. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲಿತ್ತು. ಸಂಘಗಳಾಗಿ ನೋಂದಣಿಯಾದ ಸುಮಾರು 30 ಲಕ್ಷದಲ್ಲಿ ವರ್ಷದ ಲೆಕ್ಕಪತ್ರ ಸಲ್ಲಿಸುತ್ತಿದ್ದವು 2.9 ಲಕ್ಷ ಮಾತ್ರ. ಹತ್ತರಲ್ಲಿ ಒಂದೂ ಪೂರ್ತಿ ಇಲ್ಲ. ಅದಕ್ಕೂ ಮೊದಲು ಕೇಂದ್ರದ ಅಂಕಿಅಂಶ ಇಲಾಖೆಯವರು 2008ರ ತನಕ ನೋಂದಣಿಯಾದವುಗಳನ್ನು ಎಣಿಸಿ, ಆಮೇಲೆ ವಿಳಾಸ ಹಿಡಿದು ಹುಡುಕಲು ಹೋಗಿದ್ದರು. ಕಾಗದದ ಮೇಲೆ 31 ಲಕ್ಷಕ್ಕೂ ಮೇಲೆ ಇದ್ದವು. ಹೋಗಿ ನೋಡಿದಾಗ ಪತ್ತೆಯಾದದ್ದು ಸುಮಾರು 7 ಲಕ್ಷ.

ಉಳಿದವೆಲ್ಲ ಮೋಸದವು ಎಂದು ನಾವು ಹೇಳುವುದಿಲ್ಲ. ಒಬ್ಬ ಉತ್ಸಾಹಿ ಮಾಸ್ತರರು ವಾಚನಾಲಯ ತೆರೆದಿರುತ್ತಾರೆ, ಅವರು ತೀರಿಕೊಂಡ ಮೇಲೆ ಬೀಗ ತೆಗೆಯುವವರಿರುವುದಿಲ್ಲ. ಬಾಡಿಗೆ ಖೋಲಿ ಬದಲಾಗಿರುತ್ತದೆ, ವಿಳಾಸ ತಿದ್ದಿಸಿರುವುದಿಲ್ಲ. ಅನುದಾನ ಬರಬಹುದೆಂದು ಹೆಸರು ಮಾಡಿಸಿಟ್ಟು ಮರೆತವರೂ ಇದ್ದಾರೆ. ನಮ್ಮ ಸುತ್ತಮುತ್ತ ಬೋರ್ಡು ಇದ್ದು ಬಾಗಿಲು ತೆರೆಯದ ಮೂರು ಸಂಸ್ಥೆಗಳನ್ನು ನಾವೇ ಎಣಿಸಿದ್ದೇವೆ. ಐದು ಲಕ್ಷಕ್ಕೆ ಇನ್ನೊಂದು ಸೇರಿಸುವ ಮುಂಚೆ ಇದನ್ನು ಯೋಚಿಸಬೇಕಾಯಿತು.

ಹಾಗಂತ ಸಂಸ್ಥೆ ಎಂದರೆ ಬರೀ ಕಾಗದ ಎನ್ನುವವರು ನಮ್ಮ ಭಾಗದ ಇತಿಹಾಸ ಕೇಳಬೇಕು. ನಿಲಂಗಾ, ಉದಗೀರ ಎರಡೂ 1956ರ ತನಕ ಬೀದರ ಜಿಲ್ಲೆಯ ತಾಲೂಕುಗಳು. ಭಾಷಾವಾರು ರಾಜ್ಯ ಆದಾಗ ಇವು ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಅದಕ್ಕೂ ಹಿಂದೆ ನಿಜಾಮನ ಕಾಲದಲ್ಲಿ ನಾಲ್ಕು ಜನ ಸೇರಿ ಸಭೆ ಮಾಡಬೇಕಾದರೂ ಅಪ್ಪಣೆ ಬೇಕಿತ್ತು. ‘ಗಶ್ತಿ 53’ ಎಂಬ ಸುತ್ತೋಲೆಯ ಹೆಸರು ಹಳಬರಿಗೆ ಇನ್ನೂ ಬಾಯಲ್ಲಿದೆ. ಖಾಸಗಿ ಶಾಲೆ ತೆರೆಯುವುದಕ್ಕೂ ಕಟ್ಟುಪಾಡುಗಳಿದ್ದವು. ಅಂಥ ಹೊತ್ತಿನಲ್ಲೇ ಉಮರಗಾ ಕಡೆಯ ಹಿಪ್ಪರಗಾದಲ್ಲಿ 1921ರಲ್ಲಿ ರಾಷ್ಟ್ರೀಯ ಶಾಲೆ ಶುರುವಾಯಿತು. ಮುಂದೆ ಹೈದರಾಬಾದ್ ವಿಮೋಚನಾ ಹೋರಾಟದ ಮುಂದಾಳಾದ ಸ್ವಾಮಿ ರಾಮಾನಂದ ತೀರ್ಥರು ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಉದಗೀರದಿಂದ ಗಡಿಯ ಆ ಕಡೆ ಹೋದರೆ ಕಮಲನಗರ. ಅಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಸ್ವಾಮಿಗಳಾದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು ಎಂದು ಈ ಕಡೆಯ ಅಜ್ಜಂದಿರು ಇವತ್ತಿಗೂ ಹೇಳುತ್ತಾರೆ. ಸಂಜೆ ನಾವು ಹಲಗೆ ಬಳಪ ಹಿಡಿದು ಅ ಆ ಬರೆಸುವಾಗ ಯಾರ ಹೆದರಿಕೆಯೂ ಇಲ್ಲ. ಸಂಘ ಕಟ್ಟುವ ಹಕ್ಕು ಸಂವಿಧಾನದಲ್ಲೇ ಇದೆ. ಅರ್ಜಿ ನಮೂನೆ ಉದ್ದವಾಯಿತು ಎಂದು ಗೊಣಗುವಾಗ ಇದು ನೆನಪಿದ್ದರೆ ಒಳ್ಳೆಯದು.

ಇನ್ನು ಸಂಸ್ಥೆಗಳು ಎಷ್ಟು ಬಗೆಯವು ಎಂಬುದನ್ನು ನಮ್ಮ ಅಪ್ಪ ಅಮ್ಮಂದಿರು ಒಂದೇ ತಿಂಗಳಲ್ಲಿ ನೋಡಿದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದ ರಾತ್ರಿ, ನಾಲ್ಕು ಗಂಟೆಗೆ ಇನ್ನೇನು ಕೆಲವು ನಿಮಿಷ ಇರುವಾಗ ಕಿಲ್ಲಾರಿಯ ನೆಲ ನಡುಗಿತು. ಮಣ್ಣಿನ ಗಾರೆಯ ದಪ್ಪ ಕಲ್ಲಿನ ಗೋಡೆಗಳು, ಮೇಲೆ ಮಣ್ಣು ಹೇರಿದ ಮಾಳಿಗೆ. ಬಿಸಿಲಿಗೆ ತಂಪಾಗಿದ್ದ ಆ ಮನೆಗಳೇ ಮಲಗಿದವರ ಮೇಲೆ ಬಿದ್ದವು. ಸತ್ತವರು ಎಂಟರಿಂದ ಹತ್ತು ಸಾವಿರ. ಲಾತೂರ, ಉಸ್ಮಾನಾಬಾದ ಎರಡೂ ಜಿಲ್ಲೆ ಸೇರಿ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಬೇಕಾಯಿತು.

ಆಗ ಬಂದವರನ್ನು ನೋಡಿ. ಕ್ಯಾಥೋಲಿಕ ಧರ್ಮಸಭೆಯ ಕಾರಿತಾಸ್, ಇತರ ಸಭೆಗಳು ಸೇರಿ ನಡೆಸುವ ಕಾಸಾ, ರೆಡ್ ಕ್ರಾಸ್, ರಾಮಕೃಷ್ಣ ಮಿಷನ್, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು. ಶಾಂತಿಲಾಲ ಮುತ್ಥಾ ಅವರ ಭಾರತೀಯ ಜೈನ ಸಂಘಟನೆ ಸುಮಾರು 1200 ಮಕ್ಕಳನ್ನು ಪುಣೆಗೆ ಕರೆದುಕೊಂಡು ಹೋಗಿ ಓದಿಸಿತು. ಕೆಲವು ದಾನಿಗಳು ಇಡೀ ಹಳ್ಳಿಯನ್ನೇ ದತ್ತು ತೆಗೆದುಕೊಂಡು ಕಟ್ಟಿಸಿದರು. ಅವುಗಳಲ್ಲಿ ಕೆಲವು ಪೇಟೆಯ ಕಾಲನಿಯಂತೆ ಸಾಲು ಸಾಲಾಗಿ ಎದ್ದವು. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ಅಣ್ಣ ತಮ್ಮಂದಿರ ಮನೆ ಬೇರೆ ಬೇರೆ ಓಣಿಗೆ ಹೋಯಿತು. ಒಳ್ಳೆಯ ಮನಸ್ಸಿನಿಂದಲೇ ಕಟ್ಟಿದ್ದು, ಆದರೆ ಆ ಮನೆಯಲ್ಲಿ ಇರಬೇಕಾದವರನ್ನು ಕೇಳಿ ಕಟ್ಟಿದ್ದಲ್ಲ.

ಕೇಳಿ ಮಾಡಿದವರೂ ಇದ್ದರು. ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಮನೆ ರಿಪೇರಿಯ ಸರ್ಕಾರಿ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನೇ ‘ಸಂವಾದ ಸಹಾಯಕ’ರನ್ನಾಗಿ ಮುಂದೆ ನಿಲ್ಲಿಸಿತು. ಸಿಮೆಂಟು ಬಂತೇ, ಕಂತು ಬಂತೇ, ಗೋಡೆಗೆ ಸರಿಯಾಗಿ ಬಲ ಕೊಟ್ಟರೇ ಎಂದು ಇಂಜಿನಿಯರರನ್ನು ಕೇಳುವವರು ಅವರೇ ಆದರು. 2001ರಲ್ಲಿ ಗುಜರಾತಿನ ಕಚ್ಛದಲ್ಲಿ ಭೂಕಂಪವಾದಾಗ ಲಾತೂರ ಕಡೆಯ ಇಂಥ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ, ಮನೆ ಕಳೆದುಕೊಂಡವರ ಜೊತೆ ಕೂತು ತಮ್ಮ ಅನುಭವ ಹೇಳಿದರು. ಹೊಲದ ಕೂಲಿಗೆ ಹೋಗುತ್ತಿದ್ದವರು ಇನ್ನೊಂದು ರಾಜ್ಯಕ್ಕೆ ಕಲಿಸಲು ಹೋದರು! ಇಷ್ಟು ಓದಿದ್ದರಲ್ಲಿ ನಮಗೆ ಅತಿ ಇಷ್ಟವಾದ ಸಂಗತಿ ಇದೇ.

ಜಾಮಖೇಡದ ಕತೆಯೂ ಇದೇ ಜಾತಿಯದು. ವೆಲ್ಲೂರಿನಲ್ಲಿ ಓದಿದ ಕ್ರೈಸ್ತ ವೈದ್ಯ ದಂಪತಿ ರಜನಿಕಾಂತ ಮತ್ತು ಮೇಬೆಲ್ ಆರೊಳೆ 1970ರಲ್ಲಿ ಅಹ್ಮದನಗರ ಜಿಲ್ಲೆಯ ಆ ಬರಪೀಡಿತ ಊರಿಗೆ ಬಂದರು. ಆಸ್ಪತ್ರೆ ಕಟ್ಟಿ ರೋಗಿಗಳಿಗೆ ಕಾಯುವುದರ ಬದಲು, ಹಳ್ಳಿಯವರೇ ಆರಿಸಿದ, ಓದು ಬರಹ ಅಷ್ಟಕ್ಕಷ್ಟೇ ಇದ್ದ ಹೆಣ್ಣುಮಕ್ಕಳಿಗೆ ಆರೋಗ್ಯದ ಪಾಠ ಹೇಳಿದರು. ಹೆರಿಗೆ, ಮಕ್ಕಳ ಭೇದಿ, ಕುಷ್ಠ, ಎಲ್ಲಕ್ಕೂ ಮೊದಲು ನೋಡುವವರು ಅವರೇ. 1979ರಲ್ಲಿ ಈ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮಗೆ ಹತ್ತಿರದ ತುಳಜಾಪುರ ತಾಲೂಕಿನ ಅಣದೂರಿನಲ್ಲಿ ಹಾಲೋ ಮೆಡಿಕಲ್ ಫೌಂಡೇಶನ್‌ನವರು ‘ಭಾರತ ವೈದ್ಯ’ ಎಂಬ ಹೆಸರಿನಲ್ಲಿ ಹಳ್ಳಿಯ ಮಹಿಳೆಯರಿಗೆ ಇಂಥದೇ ತರಬೇತಿ ಕೊಟ್ಟಿದ್ದಾರೆ.

ಆಸ್ಪತ್ರೆಯ ಮಾತು ಬಂದಾಗ ಒಂದು ವಿಷಯ ಎಲ್ಲ ಮನೆಯವರೂ ತಿಳಿದಿರಲೇಬೇಕು, ದಯವಿಟ್ಟು ಹಿರಿಯರಿಗೂ ಓದಿ ಹೇಳಿ. ದೊಡ್ಡ ಪಟ್ಟಣಗಳ ಬಹಳಷ್ಟು ದೊಡ್ಡ ಆಸ್ಪತ್ರೆಗಳು ಕಾಗದದ ಮೇಲೆ ಧರ್ಮಾದಾಯ ಆಸ್ಪತ್ರೆಗಳು, ಅಂದರೆ ನ್ಯಾಸದ ಆಸ್ಪತ್ರೆಗಳು. ಕಾಯ್ದೆಯ 41ಎಎ ಕಲಮು ಮತ್ತು 2006ರಲ್ಲಿ ಮುಂಬೈ ಹೈಕೋರ್ಟು ಒಪ್ಪಿದ ಯೋಜನೆಯ ಪ್ರಕಾರ ಅವರು ನೂರಕ್ಕೆ ಹತ್ತು ಹಾಸಿಗೆಗಳನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನು ಹತ್ತನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಇದಕ್ಕಾಗಿ ಎಲ್ಲ ರೋಗಿಗಳ ಬಿಲ್ಲಿನ ಮೊತ್ತದಲ್ಲಿ ನೂರಕ್ಕೆ ಎರಡರಷ್ಟನ್ನು ಬೇರೆ ನಿಧಿಯಲ್ಲಿ ಇಡಬೇಕು. ತಹಸೀಲ್ದಾರರ ಉತ್ಪನ್ನ ದಾಖಲೆ ಅಥವಾ ರೇಷನ್ ಕಾರ್ಡು ತೆಗೆದುಕೊಂಡು ಹೋಗಿ, ಆಸ್ಪತ್ರೆಯ ಸಮಾಜ ಸೇವಕರನ್ನು ಭೇಟಿಯಾಗಿ ಕೇಳಬೇಕು. ನಮ್ಮೂರಿನ ಒಬ್ಬ ಕಾಕಾ ಇಂಥದೇ ಒಂದು ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ ಇದ್ದು, ಎರಡು ಎಕರೆ ಅಡವಿಟ್ಟು ಬಿಲ್ಲು ಕಟ್ಟಿ ಬಂದರು. ಆ ಹದಿನಾಲ್ಕು ದಿನದಲ್ಲಿ ಅಲ್ಲಿ ಯಾರೂ ಈ ಮಾತು ಅವರಿಗೆ ಹೇಳಲಿಲ್ಲ. ನಮ್ಮ ಔಷಧಿ ಡಬ್ಬಿ ವರ್ಷವಿಡೀ ತುಂಬಿದರೂ ಆ ಬಿಲ್ಲಿನ ಒಂದು ದಿನಕ್ಕೂ ಸಾಲದು. ಆದ್ದರಿಂದ ಈಗ ನಮ್ಮಲ್ಲಿ ಇಬ್ಬರು, ಯಾರನ್ನಾದರೂ ಪಟ್ಟಣದ ಆಸ್ಪತ್ರೆಗೆ ಸೇರಿಸುವಾಗ ದಾಖಲೆ ಹಿಡಿದು ಜೊತೆಗೆ ಹೋಗುತ್ತಾರೆ. ಇದಕ್ಕೆ ಖರ್ಚು ಬಸ್ ಚಾರ್ಜು ಅಷ್ಟೇ.

ಹೊರದೇಶದ ಹಣದ ಬಗ್ಗೆಯೂ ಹೇಳಿಬಿಡುತ್ತೇವೆ. ಅದನ್ನು ಪಡೆಯಲು ಎಫ್‌ಸಿಆರ್‌ಎ ಎಂಬ ಬೇರೆಯೇ ಅನುಮತಿ ಬೇಕು. ಮೊದಲ ಕಾಯ್ದೆ 1976ರದು, ಈಗಿನದು 2010ರದು. 2020ರಲ್ಲಿ ತಿದ್ದುಪಡಿಯಾದ ಮೇಲೆ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು, ಕಚೇರಿ ಖರ್ಚು ನೂರಕ್ಕೆ 20 ಮೀರಬಾರದು, ಮತ್ತು ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಲೆಕ್ಕ ಬಿಗಿಯಾಗಿರಲಿ ಎಂಬುದರಲ್ಲಿ ನಮಗೆ ತಕರಾರಿಲ್ಲ. ಆದರೆ ದೊಡ್ಡವರ ಮೂಲಕ ಸಣ್ಣವರಿಗೆ ಮುಟ್ಟುತ್ತಿದ್ದ ದಾರಿ ಇದರಿಂದ ಮುಚ್ಚಿತು, ಪೆಟ್ಟು ಬಿದ್ದದ್ದು ಹಳ್ಳಿಯ ಚಿಕ್ಕ ಗುಂಪುಗಳಿಗೆ. ಕಟ್ಟೆಯ ಮೇಲಿನ ಕಾಕಾನಿಗೆ ಈಗ ನಾವು ಇಷ್ಟನ್ನೂ ಹೇಳಬಲ್ಲೆವು.

ಈಗ ನಮ್ಮ ಚರ್ಚೆಗೆ ಬರೋಣ. ದಾನದ ವಿಷಯದಲ್ಲಿ ಎಡಗೈ ಬಲಗೈ ಬಗ್ಗೆ ಪ್ರಭು ಹೇಳಿದ್ದನ್ನು ನೆನಪಿಸಿ, ರಸೀದಿಯೇ ಬೇಡ ಎಂದರು ಒಬ್ಬರು. ಆದರೆ ಅದು ಕೊಡುವವರಿಗೆ ಹೇಳಿದ ಮಾತು. ಹಂಚುವವರ ವಿಷಯವೇ ಬೇರೆ. ಕೊರಿಂಥಿಯರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯ ತೆಗೆದು ನೋಡಿ. ಜೆರುಸಲೇಮಿನ ಬಡವರಿಗೆಂದು ಎತ್ತಿದ ಹಣವನ್ನು ಸಂತ ಪೌಲ ಒಬ್ಬನೇ ಹಿಡಿದುಕೊಂಡು ಹೋಗಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು ಸಭೆಗಳು ಆರಿಸಿದ ಸಹೋದರನನ್ನು ಜೊತೆಗೆ ಇಟ್ಟುಕೊಂಡ. ಆ ಕಾಲದ ಆಡಿಟರ್ ಎಂದು ಫಾದರ್ ನಕ್ಕರು.

ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯ ನಮಗೆ ಇನ್ನೂ ಹತ್ತಿರದ್ದು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂತು. ಒಂದೇ ಸಭೆ, ಎರಡು ಭಾಷೆ. ಗಡಿಯಲ್ಲಿ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೇಷಿತರು ಏಳು ಜನರನ್ನು ಆರಿಸಲು ಹೇಳಿದರು. ಆರಿಸಿಬಂದ ಏಳೂ ಹೆಸರು ಗ್ರೀಕ್ ಹೆಸರುಗಳೇ. ಅಂದರೆ ಯಾರಿಗೆ ಸಿಗುತ್ತಿರಲಿಲ್ಲವೋ ಅವರ ಕಡೆಯವರ ಕೈಗೇ ಹಂಚುವ ಕೆಲಸ ಹೋಯಿತು ಎಂದು ನಮಗೆ ಅನಿಸುತ್ತದೆ. ನಮ್ಮ 1860ರ ಕಾಯ್ದೆಯೂ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕೆನ್ನುತ್ತದೆ, ಇದು ಕಾಕತಾಳೀಯ ಇರಬಹುದು!

ನೋಂದಣಿ ಬೇಕು ಎನ್ನುವವರ ವಾದ ಸುಳ್ಳಲ್ಲ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಶಾಲೆ, ಸಂಘಗಳಿಗೂ ನೆರವು ಕೊಡುತ್ತದೆ. ಕಾಗದವಿಲ್ಲದೆ ಅಂಥ ಬಾಗಿಲು ತಟ್ಟಲು ಬರುವುದಿಲ್ಲ. ಬೇಡ ಎನ್ನುವವರ ವಾದವೂ ಗಟ್ಟಿ. ಒಮ್ಮೆ ನ್ಯಾಸವಾದರೆ ಪ್ರತಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಆಡಿಟ್ ಮಾಡಿಸಬೇಕು, ಪದಾಧಿಕಾರಿ ಬದಲಾದರೆ 90 ದಿನದೊಳಗೆ ತಿಳಿಸಬೇಕು. ನಮ್ಮಲ್ಲಿ ಅರ್ಧ ಜನ ಓದಿಗೋ ಕೆಲಸಕ್ಕೋ ಲಾತೂರ, ಪುಣೆ, ಬೆಂಗಳೂರಿಗೆ ಹೋಗುವವರು. ಮೂರು ವರ್ಷದ ನಂತರ ಆ ಬದಲಾವಣೆ ಅರ್ಜಿ ಯಾರು ಹಾಕುತ್ತಾರೆ? ಫ್ರೆಡರಿಕ್ ಓಝಾನಾಂ 1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರ ಜೊತೆ ಬಡವರ ಮನೆಗಳಿಗೆ ಹೋಗಲು ಶುರುಮಾಡಿದಾಗ ಅವನಿಗೆ ಇಪ್ಪತ್ತು ವರ್ಷ. ಸಂತ ವಿನ್ಸೆಂಟ್ ದಿ ಪಾಲ್ ಸಭೆ ಬೆಳೆದದ್ದು ಅಲ್ಲಿಂದ. ಅವರು ಮೊದಲು ಮನೆಗಳಿಗೆ ಹೋದರು ಎಂದು ನಮ್ಮಲ್ಲಿ ಒಬ್ಬಳು ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸದ್ಯಕ್ಕೆ ಹೀಗೆ ಮಾಡಿದ್ದೇವೆ. ಮಕ್ಕಳ ತರಗತಿಗೆ ಯಾವ ಕಾಗದವೂ ಬೇಡ, ಅದು ಹಾಗೇ ನಡೆಯಲಿ. ಪುಣೆಯ ಅಣ್ಣನಿಗೆ ಅವರ ಹಣವನ್ನು ವಾಪಸು ಕಳಿಸಿ, ರಸೀದಿ ಕೊಡಬಲ್ಲ, ಮೊದಲೇ ನೋಂದಣಿಯಾದ ಒಂದು ಸಂಸ್ಥೆಗೆ ಔಷಧಿ ನೆರವಿಗೆಂದೇ ಕೊಡಲು ಕೇಳಿಕೊಂಡಿದ್ದೇವೆ. ಡಬ್ಬಿಯ ಲೆಕ್ಕವನ್ನು ಪ್ರತಿ ತಿಂಗಳ ಮೊದಲ ಭಾನುವಾರ ಚರ್ಚಿನ ಬಾಗಿಲ ಬಳಿ ಅಂಟಿಸುತ್ತೇವೆ. ಹೆಸರು ಬೇಡ ಎನ್ನುವವರ ಹೆಸರು ಬರೆಯುವುದಿಲ್ಲ, ಮೊತ್ತ ಬರೆಯುತ್ತೇವೆ. ಒಂದು ವರ್ಷ ಹೀಗೆ ಲೆಕ್ಕ ತಪ್ಪದೆ ಅಂಟಿಸಿದರೆ ಆಮೇಲೆ ನೋಂದಣಿಯ ಮಾತು ಮತ್ತೆ ಎತ್ತೋಣ ಎಂದು ಒಪ್ಪಿದ್ದೇವೆ. ಇಬ್ಬರು ಇನ್ನೂ ಒಪ್ಪಿಲ್ಲ, ಅವರು ಇಲ್ಲೇ ಉತ್ತರ ಬರೆಯುತ್ತಾರಂತೆ, ಬರೆಯಲಿ.

ಆ ದಿನ ಬಂದರೆ ಬೇಕಾಗುವ ಏಳು ಜನರ ಪಟ್ಟಿಯಲ್ಲಿ ಈಗ ಐದು ಹೆಸರಿವೆ. ಐದೂ ಹುಡುಗರು. ವಾರಕ್ಕೆ ಮೂರು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಓದಿಸುವವರಲ್ಲಿ ಹೆಚ್ಚಿನವರು ಹುಡುಗಿಯರು. ಪಟ್ಟಿಯನ್ನು ಹೊಸದಾಗಿ ಬರೆಯಲು ಮುಂದಿನ ಭಾನುವಾರ ಪೂಜೆಯ ನಂತರ ಸೇರುತ್ತೇವೆ. ತರಗತಿ ನಡೆಸುವ ಎಲ್ಲರೂ ಬರಬೇಕು, ಅವರ ಅಮ್ಮಂದಿರೂ ಬಂದರೆ ಇನ್ನೂ ಒಳ್ಳೆಯದು. ಚಹಾ ಇರುತ್ತದೆ.